ಕಿಡ್ನಿ ಕೆಟ್ಟರೆ ಹೃದಯವೇಕೆ ನಿಲ್ಲುತ್ತದೆ?

ಅಮೆರಿಕದ ಸಿಯಾಟಲ್ ನಗರದಲ್ಲಿ 1960ರ ಮಾರ್ಚ್ 9ರಂದು ಕ್ಲೈಡ್ ಶೀಲ್ಡ್ಸ್ ಎಂಬವರ ಮುಂಗೈಗೆ ವೈದ್ಯರು ಸಣ್ಣದೊಂದು ಟೆಫ್ಲಾನ್ ಕೊಳವೆ ಜೋಡಿಸಿದರು. ಅದರ ಒಂದು ತುದಿ ಅಪಧಮನಿಯಲ್ಲಿತ್ತು, ಇನ್ನೊಂದು ಅಭಿಧಮನಿಯಲ್ಲಿ. ನಡುವಿನ ಭಾಗ ಚರ್ಮದ ಹೊರಗೆ ಬಾಗಿಕೊಂಡು ಕೂತಿತ್ತು. ಶೀಲ್ಡ್ಸ್ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಮೆಷಿನಿಸ್ಟ್ ಆಗಿದ್ದವರು. ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಅಂಥವರಿಗೆ ಆ ಕಾಲದ ವೈದ್ಯಶಾಸ್ತ್ರದಲ್ಲಿ ಸಾವಿನ ಹೊರತು ಬೇರೆ ಉತ್ತರವಿರಲಿಲ್ಲ. ಆದರೆ ಆ ಕೊಳವೆಯನ್ನು ರಕ್ತ ಸೋಸುವ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸುತ್ತ ಶೀಲ್ಡ್ಸ್ ಇನ್ನೂ ಹನ್ನೊಂದು ವರ್ಷ ಬದುಕಿದರು. 1971ರಲ್ಲಿ ಅವರು ತೀರಿಕೊಂಡದ್ದು ಹೃದಯಾಘಾತದಿಂದ.

ಕಿಡ್ನಿಯ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೂ ರೋಗಿಯನ್ನು ಹೃದಯ ಕೈಬಿಟ್ಟದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ವೈದ್ಯರು ಮೊದಲು ರಕ್ತದೊತ್ತಡವನ್ನು ಅನುಮಾನಿಸಿದರು, ಆಮೇಲೆ ಕೊಬ್ಬನ್ನು, ನಂತರ ಯಂತ್ರವನ್ನೇ. ಪ್ರತಿ ಅನುಮಾನದಲ್ಲೂ ಸ್ವಲ್ಪ ಸತ್ಯವಿತ್ತು, ಯಾವುದೂ ಪೂರ್ತಿ ಸಾಲಲಿಲ್ಲ. ಕೊನೆಗೆ ಅವರು ತಲುಪಿದ್ದು ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯ ಬಾಗಿಲಿಗೆ, ಅಂದರೆ ವರ್ಷಗಟ್ಟಲೆ ಆರದೆ ಉಳಿಯುವ ಉರಿಯೂತಕ್ಕೆ. ಈ ಹುಡುಕಾಟ ಶುರುವಾದದ್ದು ಸಿಯಾಟಲ್‌ಗಿಂತ ಬಹಳ ಹಿಂದೆ, ಲಂಡನ್ನಿನ ಒಂದು ಶವಪರೀಕ್ಷೆಯ ಕೋಣೆಯಲ್ಲಿ.

ಗೈಸ್ ಆಸ್ಪತ್ರೆಯ ದಪ್ಪ ಹೃದಯಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈ ಊದಿಕೊಂಡು ಆಸ್ಪತ್ರೆಗೆ ಬರುವ ರೋಗಿಗಳು ಲಂಡನ್ನಿನಲ್ಲಿ ಲೆಕ್ಕವಿಲ್ಲದಷ್ಟಿದ್ದರು. ನೀರು ತುಂಬುವ ಈ ಬಾವನ್ನೇ ಒಂದು ರೋಗವೆಂದು ಆಗ ನಂಬಲಾಗಿತ್ತು. ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಹಾಗೆ ನಂಬಲಿಲ್ಲ. ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸುತ್ತಿದ್ದರು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದ್ದರೆ ಅದು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಅಂಥ ರೋಗಿ ಸತ್ತರೆ ಶವವನ್ನು ತೆರೆದು ನೋಡುತ್ತಿದ್ದರು. ಕಿಡ್ನಿಗಳು ಗಟ್ಟಿಯಾಗಿ, ಹರಳುಹರಳಾಗಿ, ಕುಗ್ಗಿಹೋಗಿರುತ್ತಿದ್ದವು. 1827ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಅವರು ಮೂತ್ರದ ಆಲ್ಬುಮಿನ್, ಮೈಯ ಬಾವು, ಕೆಟ್ಟ ಕಿಡ್ನಿ ಈ ಮೂರನ್ನೂ ಒಂದೇ ಸೂತ್ರಕ್ಕೆ ತಂದರು. ಮುಂದಿನ ನೂರು ವರ್ಷ ದೀರ್ಘಕಾಲದ ಕಿಡ್ನಿ ರೋಗಕ್ಕೆ ‘ಬ್ರೈಟನ ಕಾಯಿಲೆ’ ಎಂದೇ ಹೆಸರಾಯಿತು. ಅವರ ರಸಾಯನಶಾಸ್ತ್ರಜ್ಞ ಮಿತ್ರ ಜಾನ್ ಬೊಸ್ಟಾಕ್ ಈ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಮೂತ್ರದಲ್ಲಿ ಸೋರುವ ಆಲ್ಬುಮಿನ್ ರಕ್ತದಲ್ಲಿ ಕಡಿಮೆಯಾಗಿರುವುದನ್ನು ಕಂಡರು. ಈ ಆಲ್ಬುಮಿನ್ ನಮ್ಮ ಕಥೆಯಲ್ಲಿ ನೂರೈವತ್ತು ವರ್ಷಗಳ ನಂತರ ಬೇರೊಂದು ವೇಷದಲ್ಲಿ ಮರಳಿ ಬರುತ್ತದೆ.

1836ರಲ್ಲಿ ಬ್ರೈಟ್ ಇಂಥ ನೂರು ಪ್ರಕರಣಗಳನ್ನು ಪಟ್ಟಿಮಾಡಿದರು. ಆ ಪಟ್ಟಿಯಲ್ಲಿ ಕಿಡ್ನಿಯಷ್ಟೇ ಎದ್ದು ಕಂಡದ್ದು ಹೃದಯ. ಅನೇಕರ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿತ್ತು; ಅದಕ್ಕೆ ಕಾರಣವಾಗಬಹುದಾದ ಕವಾಟದ ದೋಷ ಎಷ್ಟೋ ಜನರಲ್ಲಿ ಇರಲೇ ಇಲ್ಲ. ಬ್ರೈಟ್ ಎರಡು ಸಾಧ್ಯತೆಗಳನ್ನು ಮುಂದಿಟ್ಟರು. ಕೆಟ್ಟ ರಕ್ತ ಹೃದಯವನ್ನು ನೇರವಾಗಿ ಕೆರಳಿಸುತ್ತಿರಬಹುದು. ಇಲ್ಲವೆ ಅತಿ ಸಣ್ಣ ರಕ್ತನಾಳಗಳನ್ನು ಕೆಡಿಸಿ, ಅವುಗಳ ಮೂಲಕ ರಕ್ತ ನೂಕಲು ಹೃದಯ ಹೆಚ್ಚು ದುಡಿಯುವಂತೆ ಮಾಡುತ್ತಿರಬಹುದು. ರಕ್ತದೊತ್ತಡ ಅಳೆಯುವ ಉಪಕರಣ ಆಸ್ಪತ್ರೆಗೆ ಬಾರದಿದ್ದ ಕಾಲದ ಊಹೆ ಇದು.

ಮುಂದಿನ ಪೀಳಿಗೆ ಈ ಎರಡು ಸಾಧ್ಯತೆಗಳ ಮೇಲೆ ಜಗಳಕ್ಕೆ ಬಿತ್ತು. ಕಿಡ್ನಿ ಕೆಟ್ಟದ್ದರಿಂದಲೇ ದೇಹದ ಸಣ್ಣ ನಾಳಗಳು ಬಿಗಿದುಕೊಂಡು ದಪ್ಪಗಾಗುತ್ತವೆ ಎಂದರು ಜಾರ್ಜ್ ಜಾನ್ಸನ್. ವಿಲಿಯಂ ಗಲ್ ಮತ್ತು ಹೆನ್ರಿ ಸಟ್ಟನ್ 1872ರಲ್ಲಿ ವಾದವನ್ನು ತಿರುವುಹಾಕಿದರು: ರೋಗ ಮೊದಲು ಇಡೀ ಶರೀರದ ನಾಳಗಳಲ್ಲಿ ಹುಟ್ಟುತ್ತದೆ, ಕಿಡ್ನಿ ಅದಕ್ಕೆ ಬಲಿಯಾಗುವ ಅಂಗಗಳಲ್ಲಿ ಒಂದು ಅಷ್ಟೆ. ಈ ಚರ್ಚೆಗೆ ಅಳತೆಯ ಆಧಾರ ಒದಗಿಸಿದವರು ಗೈಸ್ ಆಸ್ಪತ್ರೆಯಲ್ಲಿಯೇ ಓದಿದ ಫ್ರೆಡರಿಕ್ ಅಕ್ಬರ್ ಮಹಮದ್. ಪಟ್ನಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಮೊದಲ ಭಾರತೀಯ ಭೋಜನಶಾಲೆ ತೆರೆದು, ಮುಂದೆ ಬ್ರೈಟನ್ ಊರಿನಲ್ಲಿ ಮಾಲೀಸಿನ ಸ್ನಾನಗೃಹ ನಡೆಸಿದ ಶೇಕ್ ದೀನ್ ಮಹಮದರ ಮೊಮ್ಮಗ ಇವರು. ನಾಡಿಯ ಮಿಡಿತವನ್ನು ಕಾಗದದ ಮೇಲೆ ಗೀಚುವ ಉಪಕರಣವನ್ನು ವಿದ್ಯಾರ್ಥಿಯಾಗಿದ್ದಾಗಲೇ ಸುಧಾರಿಸಿದ ಅವರು, ಮೂತ್ರದಲ್ಲಿ ಆಲ್ಬುಮಿನ್ ಕಾಣಿಸುವ ಮೊದಲೇ ಒತ್ತಡ ಏರಿರಬಹುದೆಂದು ತೋರಿಸಿದರು. 1884ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಟೈಫಾಯ್ಡ್ ಅವರನ್ನು ಕೊಂಡೊಯ್ದಿತು.

ಕಿಡ್ನಿ ಒತ್ತಡವನ್ನು ಏರಿಸುತ್ತದೆ, ಒತ್ತಡ ಕಿಡ್ನಿಯನ್ನು ಕೆಡಿಸುತ್ತದೆ, ಎರಡೂ ಸೇರಿ ಹೃದಯವನ್ನು ದಣಿಸುತ್ತವೆ: ಇಷ್ಟು ಮಾತು ಶತಮಾನದ ಕೊನೆಗೆ ಬಹುಮಟ್ಟಿಗೆ ಒಪ್ಪಿತವಾಗಿತ್ತು. ಅದಕ್ಕಿಂತ ಮುಂದೆ ಹೋಗಲು ರೋಗಿಗಳಿಗೆ ಆಯುಷ್ಯವಿರಲಿಲ್ಲ. ರಕ್ತದಲ್ಲಿ ಕಲ್ಮಶ ತುಂಬಿ ಅವರು ಬೇಗ ಸಾಯುತ್ತಿದ್ದರು. ಹೃದಯದ ಸರದಿ ಬರುತ್ತಲೇ ಇರಲಿಲ್ಲ.

ಆಯುಷ್ಯ ಬೆಳೆದಾಗ ಕಂಡದ್ದು

ಜರ್ಮನ್ ಸೇನೆ ಆಕ್ರಮಿಸಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ 1943ರಲ್ಲಿ ಕೃತಕ ಕಿಡ್ನಿಯೊಂದನ್ನು ಕಟ್ಟಿದರು. ಮಾಂಸದ ಸಾಸೇಜು ತುಂಬಲು ಬಳಸುವ ಸೆಲೊಫೇನ್ ನಳಿಕೆಯನ್ನು ಮರದ ಪೀಪಾಯಿಗೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸುವ ಯಂತ್ರ ಅದು. ತಾತ್ಕಾಲಿಕವಾಗಿ ಕಿಡ್ನಿ ನಿಂತವರನ್ನು ಅದು ಉಳಿಸಬಲ್ಲದಾಗಿತ್ತು. ಕಿಡ್ನಿ ಶಾಶ್ವತವಾಗಿ ಹೋದವರಿಗೆ ಉಪಯೋಗವಿರಲಿಲ್ಲ. ಪ್ರತಿ ಡಯಾಲಿಸಿಸ್‌ಗೂ ಹೊಸ ರಕ್ತನಾಳ ಕುಯ್ಯಬೇಕಿತ್ತು. ಕೆಲವೇ ಬಾರಿಗೆ ನಾಳಗಳು ಮುಗಿದುಹೋಗುತ್ತಿದ್ದವು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಎಂಜಿನಿಯರ್ ವೇಯ್ನ್ ಕ್ವಿಂಟನ್ ಸೇರಿ ಬಗೆಹರಿಸಿದ್ದು ಇದೇ ತೊಡಕನ್ನು. ಶೀಲ್ಡ್ಸ್ ಅವರ ಕೈಯಲ್ಲಿದ್ದ ಟೆಫ್ಲಾನ್ ಕೊಳವೆ ಯಾವಾಗಲೂ ತೆರೆದಿಟ್ಟ ಬಾಗಿಲಾಯಿತು. ರೋಗಿ ವಾರವಾರವೂ ಬಂದು ಯಂತ್ರಕ್ಕೆ ಕೂರಬಹುದಾಯಿತು. 1962ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗಿನ ಮೊದಲ ಡಯಾಲಿಸಿಸ್ ಕೇಂದ್ರ ತೆರೆಯಿತು. ಯಂತ್ರಗಳು ಕಡಿಮೆ, ಬೇಕಾದವರು ಹೆಚ್ಚು. ಯಾರಿಗೆ ಚಿಕಿತ್ಸೆ ಕೊಡಬೇಕೆಂದು ನಿರ್ಧರಿಸಲು ಊರಿನ ಸಾಮಾನ್ಯ ನಾಗರಿಕರ ಸಮಿತಿಯೊಂದು ಕೂತಿತು. ಅದೇ ವರ್ಷ ಲೈಫ್ ಪತ್ರಿಕೆ ಆ ಸಮಿತಿಯ ಬಗ್ಗೆ ಬರೆದಾಗ ಅಮೆರಿಕ ಬೆಚ್ಚಿಬಿದ್ದಿತು. ಹತ್ತು ವರ್ಷದೊಳಗೆ ಈ ಕಳವಳ ಕಾನೂನಿನ ರೂಪ ಪಡೆಯಿತು: 1972ರ ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶಾಸನದಿಂದ ಕಿಡ್ನಿ ವೈಫಲ್ಯದ ಚಿಕಿತ್ಸೆಯ ವೆಚ್ಚ ಮೆಡಿಕೇರ್ ಎಂಬ ಸರ್ಕಾರಿ ವಿಮಾ ಯೋಜನೆಯ ಪಾಲಿಗೆ ಬಂತು. ಡಯಾಲಿಸಿಸ್ ಲಕ್ಷಾಂತರ ಜನರ ಚಿಕಿತ್ಸೆಯಾಗಿ ಬೆಳೆಯಲು ದಾರಿ ತೆರೆಯಿತು.

ಸಂಭ್ರಮದ ಈ ಹೊತ್ತಿನಲ್ಲೇ ಕೆಟ್ಟ ಸುದ್ದಿ ಬಂದದ್ದು ಸ್ಕ್ರಿಬ್ನರ್ ತಂಡದಿಂದಲೇ. 1974ರಲ್ಲಿ ಅರ್ಮಾಂಡೊ ಲಿಂಡ್ನರ್, ಬರ್ನಾರ್ಡ್ ಶಾರಾ, ಡೊನಾಲ್ಡ್ ಶೆರಾರ್ಡ್ ಮತ್ತು ಸ್ಕ್ರಿಬ್ನರ್ ತಮ್ಮ ಕೇಂದ್ರದ ಆರಂಭದ 39 ರೋಗಿಗಳ ಲೆಕ್ಕ ಒಪ್ಪಿಸಿದರು. ಅವರು ಪಟ್ಟಿಮಾಡಿದ 23 ಸಾವುಗಳಲ್ಲಿ 14ಕ್ಕೆ ಕಾರಣ ಅಪಧಮನಿಗಳ ಕಾಯಿಲೆಯಾಗಿತ್ತು: ಹೃದಯಾಘಾತ, ಪಾರ್ಶ್ವವಾಯು, ಮದ್ದಿಗೆ ಬಗ್ಗದ ಹೃದಯ ವೈಫಲ್ಯ. ಈ ರೋಗಿಗಳು ಮುದುಕರಾಗಿರಲಿಲ್ಲ. ಬೇರೆ ದೊಡ್ಡ ಕಾಯಿಲೆಯಿಲ್ಲದವರನ್ನೇ ನೋಡಿ ಆರಿಸಿಕೊಳ್ಳಲಾಗಿತ್ತು. ಆದರೂ ಅವರ ರಕ್ತನಾಳಗಳು ವಯಸ್ಸಿಗೆ ಮೀರಿ ಮುಪ್ಪಾಗಿದ್ದವು. ಡಯಾಲಿಸಿಸ್‌ನಲ್ಲಿ ಅಪಧಮನಿಗಳು ಅತಿವೇಗವಾಗಿ ಗಟ್ಟಿಯಾಗುತ್ತವೆ ಎಂದು ಲೇಖಕರು ತೀರ್ಮಾನಿಸಿದರು.

ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ. ಕಿಡ್ನಿ ಪೂರ್ತಿ ಕೈಕೊಡುವ ಮೊದಲಿನ ವರ್ಷಗಳಲ್ಲಿ ಏರಿದ ರಕ್ತದೊತ್ತಡವೇ ಬೀಜ ಬಿತ್ತಿರುತ್ತದೆ, ಯಂತ್ರದ ತಪ್ಪಿಲ್ಲ ಎಂದು ಹಲವರು ವಾದಿಸಿದರು. ಲೇಖನದ ಸಹಲೇಖಕ ಶಾರಾ ಫ್ರಾನ್ಸಿನ ತಸ್ಸಾಂ ಎಂಬ ಊರಿನಲ್ಲಿ ವಾರಕ್ಕೆ ಮೂರು ಬಾರಿ, ಒಮ್ಮೆಗೆ ಎಂಟು ಗಂಟೆಯ ನಿಧಾನ ಡಯಾಲಿಸಿಸ್ ನಡೆಸಿ, ಉಪ್ಪು ಮತ್ತು ನೀರನ್ನು ಹತೋಟಿಯಲ್ಲಿಟ್ಟು, ಹೆಚ್ಚಿನವರಿಗೆ ಬಿಪಿ ಮಾತ್ರೆಯೇ ಬೇಡವಾಗುವಂತೆ ಮಾಡಿದರು. ಅಲ್ಲಿಯ ರೋಗಿಗಳು ಬಹುಕಾಲ ಬದುಕಿದರು. ಒತ್ತಡದ ವಾದಕ್ಕೆ ಇದು ಬಲ ಕೊಟ್ಟಿತು. ಆದರೆ ಬೇರೆಡೆಯ ಅಂಕಿ ಅಂಶಗಳು ಕರಗಲಿಲ್ಲ. ರಾಬರ್ಟ್ ಫೋಲಿ ಮತ್ತು ಸಂಗಡಿಗರು 1998ರಲ್ಲಿ ಲೆಕ್ಕ ಹಾಕಿದಾಗ ಡಯಾಲಿಸಿಸ್ ರೋಗಿಗಳಲ್ಲಿ ಹೃದ್ರೋಗದ ಸಾವು ಸಾಮಾನ್ಯ ಜನರಿಗಿಂತ ಹತ್ತರಿಂದ ಇಪ್ಪತ್ತು ಪಟ್ಟು ಹೆಚ್ಚಿತ್ತು. ಮೂವತ್ತರ ಆಸುಪಾಸಿನ ಡಯಾಲಿಸಿಸ್ ರೋಗಿಗೆ ಹೃದ್ರೋಗದಿಂದ ಸಾಯುವ ಅಪಾಯ ಎಂಬತ್ತರ ವೃದ್ಧರಷ್ಟೇ ಇತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 34,189 ಡಯಾಲಿಸಿಸ್ ರೋಗಿಗಳಲ್ಲಿ ಶೇಕಡ 59ರಷ್ಟು ಮಂದಿ ಒಂದೇ ವರ್ಷದಲ್ಲಿ ತೀರಿಕೊಂಡದ್ದನ್ನು ದಾಖಲಿಸಿತು. ಧೂಮಪಾನ, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್ ಎಂಬ ಪರಿಚಿತ ಅಪಾಯಗಳನ್ನೆಲ್ಲ ಕೂಡಿಸಿದರೂ ಈ ಮೊತ್ತ ಬರುತ್ತಿರಲಿಲ್ಲ.

ಯಂತ್ರದ ಮೇಲೆ ಅನುಮಾನ

ಉರಿಯೂತದ ಮೊದಲ ಸುಳಿವು ಸಿಕ್ಕಿದ್ದು ಹೃದಯವನ್ನು ಹುಡುಕುತ್ತಿದ್ದವರಿಗಲ್ಲ. ಡಯಾಲಿಸಿಸ್ ಆರಂಭಿಸಿದ ಕೆಲವೇ ನಿಮಿಷಗಳಲ್ಲಿ ರೋಗಿಯ ರಕ್ತದಿಂದ ಬಿಳಿ ಕಣಗಳು ಮಾಯವಾಗುತ್ತವೆ, ಸ್ವಲ್ಪ ಹೊತ್ತಿಗೆ ಮರಳುತ್ತವೆ ಎಂಬ ವಿಚಿತ್ರ ಸಂಗತಿ 1968ರಲ್ಲಿ ವರದಿಯಾಗಿತ್ತು. ಅವು ಎಲ್ಲಿ ಹೋಗುತ್ತಿದ್ದವು? 1977ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫಿಲಿಪ್ ಕ್ರಾಡಕ್, ಹ್ಯಾರಿ ಜೇಕಬ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಸೆಲೊಫೇನ್ ಪೊರೆಯನ್ನು ಮುಟ್ಟಿದೊಡನೆ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಎಚ್ಚರಗೊಳ್ಳುತ್ತವೆ. ಅವುಗಳ ಕರೆಗೆ ಓಗೊಟ್ಟ ಬಿಳಿ ಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಗುಂಪುಗಟ್ಟುತ್ತವೆ. ದೇಹ ಆ ಪೊರೆಯನ್ನು ಒಳನುಗ್ಗಿದ ಶತ್ರುವೆಂದು ಭಾವಿಸಿತ್ತು, ಅದೂ ವಾರಕ್ಕೆ ಮೂರು ಸಲ.

1983ರಲ್ಲಿ ಲೀ ಹೆಂಡರ್ಸನ್, ಕಾರ್ಲ್ ಕಾಖ್, ಚಾರ್ಲ್ಸ್ ಡಿನರೆಲ್ಲೊ, ಸ್ಟಾನ್ಲಿ ಶಾಲ್ಡನ್ ಈ ವಿಚಾರವನ್ನು ಮುಂದೊಯ್ದರು. ಪೊರೆಯ ಸ್ಪರ್ಶದಿಂದ, ನೀರಿನಲ್ಲಿ ಉಳಿದಿರುವ ಬ್ಯಾಕ್ಟೀರಿಯಾದ ವಿಷಾಂಶದಿಂದ ಕೆರಳಿದ ಕಣಗಳು ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಾಹಕವನ್ನು ಬಿಡುತ್ತವೆ, ಡಯಾಲಿಸಿಸ್ ನಡೆಯುವಾಗ ಬಿಪಿ ಕುಸಿಯುವುದಕ್ಕೂ ಜ್ವರ ಬರುವುದಕ್ಕೂ ಇದೇ ಕಾರಣವಿರಬಹುದು ಎಂದು ಅವರು ಊಹಿಸಿದರು. ದೇಹಕ್ಕೆ ಹೆಚ್ಚು ಹೊಂದುವ ಸಿಂಥೆಟಿಕ್ ಪೊರೆಗಳು ಬಂದವು. ನೀರನ್ನು ಶುದ್ಧೀಕರಿಸುವ ಕಟ್ಟುಪಾಡು ಬಿಗಿಯಾಯಿತು. ರೋಗಿಗಳಿಗೆ ಅನುಕೂಲವಾಯಿತು, ಹೃದಯದ ಸಾವುಗಳು ಮಾತ್ರ ನಿರೀಕ್ಷೆಯಷ್ಟು ತಗ್ಗಲಿಲ್ಲ. ಅಪರಾಧಿ ಯಂತ್ರವೊಂದೇ ಆಗಿದ್ದರೆ ಯಂತ್ರ ಸುಧಾರಿಸಿದಾಗ ಕಥೆ ಮುಗಿಯಬೇಕಿತ್ತು.

ಆಲ್ಬುಮಿನ್ ಮರಳಿ ಬಂತು

1990ರಲ್ಲಿ ಎಡ್ಮಂಡ್ ಲೌರಿ ಮತ್ತು ನ್ಯಾನ್ಸಿ ಲೂ ಹನ್ನೆರಡು ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಮಾಮೂಲಿ ರಕ್ತಪರೀಕ್ಷೆಗಳನ್ನು ಜಾಲಾಡಿದರು. ಯಾರು ಸಾಯುತ್ತಾರೆ ಎಂಬುದನ್ನು ಬಲವಾಗಿ ಮುಂಗಂಡದ್ದು ಕೊಲೆಸ್ಟರಾಲ್ ಅಲ್ಲ, ರಕ್ತದ ಆಲ್ಬುಮಿನ್. ಅದು ಇಳಿದಷ್ಟೂ ಸಾವಿನ ಅಪಾಯ ಕಡಿದಾಗಿ ಏರುತ್ತಿತ್ತು. ರೋಗಿಗಳು ಸರಿಯಾಗಿ ಉಣ್ಣುತ್ತಿಲ್ಲ, ಪ್ರೋಟೀನ್ ಸಾಲುತ್ತಿಲ್ಲ ಎಂಬುದು ಎಲ್ಲರಿಗೂ ತೋಚಿದ ಮೊದಲ ಅರ್ಥ. ಊಟ ಹೆಚ್ಚಿಸಿ ಎಂಬ ಸಲಹೆ ಎಲ್ಲೆಡೆ ಹರಡಿತು.

ಕ್ಯಾಲಿಫೋರ್ನಿಯಾದ ಜಾರ್ಜ್ ಕೇಸನ್ ಮತ್ತು ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಬೇರೆ ಅರ್ಥ ಓದಿದರು. ದೇಹದಲ್ಲಿ ಉರಿಯೂತವಿದ್ದಾಗ ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಸಂದೇಶ ಕಳಿಸುತ್ತದೆ. ಯಕೃತ್ತು ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸಿ, ಸಿ-ರಿಯಾಕ್ಟಿವ್ ಪ್ರೋಟೀನ್ ಮುಂತಾದವುಗಳನ್ನು ಹೇರಳವಾಗಿ ಮಾಡತೊಡಗುತ್ತದೆ. ಸಿಆರ್‌ಪಿ ಎಂದು ಈಗ ಪ್ರಯೋಗಾಲಯಗಳೆಲ್ಲ ಕರೆಯುವ ಈ ವಸ್ತುವನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದಿದ್ದರು. ಸೋಂಕು ಇಳಿದರೆ ಇಳಿಯಬೇಕಾದ ವಸ್ತು ಇದು. ಕಿಡ್ನಿ ರೋಗಿಗಳಲ್ಲಿ ಅದು ಸೋಂಕಿಲ್ಲದೆಯೂ ತಿಂಗಳುಗಟ್ಟಲೆ ಏರಿಯೇ ಇರುತ್ತಿತ್ತು. ಏರಿದ ಸಿಆರ್‌ಪಿ ಸಾವನ್ನೂ ಆಲ್ಬುಮಿನ್ನಿನ ಕುಸಿತವನ್ನೂ ಮುಂಗಾಣುತ್ತದೆ ಎಂದು ಬರ್ಗ್‌ಸ್ಟ್ರೋಮ್ ತಂಡ 1995ರಲ್ಲಿ ಹೇಳಿತು. ಊಟದ ಕೊರತೆ ಸುಳ್ಳಾಗಲಿಲ್ಲ; ಉರಿಯೂತವೇ ಹಸಿವನ್ನು ಕೊಂದು ಸ್ನಾಯುವನ್ನು ಕರಗಿಸುತ್ತದೆ ಎಂಬುದು ಅದರ ಜೊತೆಗೆ ಸೇರಿತು.

1999: ಎರಡು ದಾರಿ ಕೂಡಿದ ವರ್ಷ

ಹೃದ್ರೋಗ ವಿಜ್ಞಾನದಲ್ಲಿ ಇದೇ ಹೊತ್ತಿಗೆ ಹಳೆಯ ವ್ಯಾಜ್ಯವೊಂದು ಇತ್ಯರ್ಥಕ್ಕೆ ಬಂದಿತ್ತು. ಅಪಧಮನಿಯ ಗೋಡೆಯಲ್ಲಿ ಬೆಳೆಯುವ ಗಡ್ಡೆಯ ಮೂಲದಲ್ಲಿ ಉರಿಯೂತವಿದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಶೋ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲೇ ಹೇಳಿದ್ದರು. ವಿಯೆನ್ನಾದ ಕಾರ್ಲ್ ರೊಕಿಟಾನ್ಸ್ಕಿ ಅದನ್ನು ಒಪ್ಪಿರಲಿಲ್ಲ; ರಕ್ತದಿಂದ ಇಳಿದು ಕೂತ ಪದಾರ್ಥವೇ ಗಡ್ಡೆಯ ಮೂಲ, ಉರಿಯೂತವೇನಿದ್ದರೂ ಆಮೇಲಿನದು ಎಂಬುದು ಅವರ ಮತ. ಇಪ್ಪತ್ತನೆಯ ಶತಮಾನದ ಬಹುಭಾಗ ಕೊಲೆಸ್ಟರಾಲ್ ಚರ್ಚೆಯಲ್ಲಿ ಈ ಜಗಳ ಮರೆತುಹೋಯಿತು. 1999ರ ಜನವರಿಯಲ್ಲಿ ರಸೆಲ್ ರಾಸ್ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನ, ಅಪಧಮನಿಗಳ ಈ ಕಾಯಿಲೆ ಮೂಲತಃ ಉರಿಯೂತದ ಕಾಯಿಲೆ ಎಂದು ಶೀರ್ಷಿಕೆಯಲ್ಲೇ ಸಾರಿತು. ನಾಳದ ಒಳಪದರಕ್ಕೆ ಪೆಟ್ಟಾದಾಗ ಬಿಳಿ ಕಣಗಳು ಅಲ್ಲಿಗೆ ನುಗ್ಗಿ, ಕೊಬ್ಬನ್ನು ನುಂಗಿ, ಉಬ್ಬಿ, ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಗಡ್ಡೆ ಹೀಗೆ ಬೆಳೆಯುತ್ತದೆ. ಸ್ಕ್ರಿಬ್ನರ್ ಇದ್ದ ವಿಶ್ವವಿದ್ಯಾಲಯದಲ್ಲೇ ರಾಸ್ ಕೂಡ ಇದ್ದರು. ಲೇಖನ ಬಂದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು.

ಅದೇ ವರ್ಷ ಕಿಡ್ನಿ ತಜ್ಞರ ಕಡೆಯಿಂದ ಎರಡು ಲೇಖನಗಳು ಬಂದವು. ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಜೋಸೆಫ್ ಸಿಮರ್ಮನ್, ಕ್ರಿಸ್ಟೊಫ್ ವಾನರ್ ಮೊದಲಾದವರು 280 ಡಯಾಲಿಸಿಸ್ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ, ಸಿಆರ್‌ಪಿ ಹೆಚ್ಚಿದ್ದವರಲ್ಲಿ ಹೃದ್ರೋಗದ ಸಾವು ಸ್ಪಷ್ಟವಾಗಿ ಹೆಚ್ಚೆಂದು ತೋರಿಸಿದರು. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಪೀಟರ್ ಸ್ಟೆನ್ವಿಂಕೆಲ್ ಮತ್ತು ಸಂಗಡಿಗರು ಇನ್ನೂ ಮುಖ್ಯವಾದ ಕೆಲಸ ಮಾಡಿದರು. ಅವರು ನೋಡಿದ 109 ರೋಗಿಗಳು ಇನ್ನೂ ಡಯಾಲಿಸಿಸ್ ಆರಂಭಿಸಿರಲೇ ಇಲ್ಲ. ಆದರೂ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಯಲ್ಲಿ ಸಿಆರ್‌ಪಿ ಏರಿತ್ತು, ಕತ್ತಿನ ಅಪಧಮನಿಗಳಲ್ಲಿ ಗಡ್ಡೆಗಳು ಆರೋಗ್ಯವಂತರಿಗಿಂತ ಬಹಳ ಹೆಚ್ಚಿದ್ದವು. ಯಂತ್ರ ಮುಟ್ಟುವ ಮೊದಲೇ ಉರಿಯೂತ ಇತ್ತು. ಅಪೌಷ್ಟಿಕತೆ, ಉರಿಯೂತ, ಅಪಧಮನಿಯ ಗಡ್ಡೆ ಮೂರೂ ಒಟ್ಟಿಗೆ ಬರುತ್ತವೆ, ಒಂದು ಇನ್ನೊಂದನ್ನು ಬೆಳೆಸುತ್ತದೆ ಎಂಬ ಅವರ ಮಾತು ಆ ಕ್ಷೇತ್ರದ ದಿಕ್ಕನ್ನೇ ಬದಲಿಸಿತು.

ಯಂತ್ರವಿಲ್ಲದೆಯೂ ಉರಿಯೂತ ಎಲ್ಲಿಂದ ಬರುತ್ತದೆ? ಒಂದೇ ಮೂಲ ಸಿಗಲಿಲ್ಲ, ಹಲವು ಸಿಕ್ಕವು. ಕಿಡ್ನಿ ಸೋತಾಗ ಉರಿಯೂತದ ಸಂದೇಶವಾಹಕಗಳು ರಕ್ತದಿಂದ ಬೇಗ ತೊಲಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿ, ಕರುಳಿನ ಗೋಡೆ ಸಡಿಲವಾಗಿ, ವಿಷಾಂಶಗಳು ಒಳಗೆ ಸೋರುತ್ತವೆ. ಇಂಡಾಕ್ಸಿಲ್ ಸಲ್ಫೇಟ್‌ನಂಥ ಕಲ್ಮಶಗಳು ನಾಳಗಳ ಒಳಪದರವನ್ನು ಕೆಡಿಸುತ್ತವೆ. ಹಲ್ಲಿನ ವಸಡಿನ ಸೋಂಕು, ಡಯಾಲಿಸಿಸ್‌ಗೆ ಹಾಕಿದ ಕ್ಯಾಥೆಟರ್, ಮೈಯಲ್ಲಿ ನಿಂತ ನೀರು ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಪರಿಣಾಮಗಳೂ ಗಡ್ಡೆಯಲ್ಲೇ ಮುಗಿಯುವುದಿಲ್ಲ. ಇಂಟರ್‌ಲ್ಯೂಕಿನ್-6 ಹೆಚ್ಚಿದಾಗ ಯಕೃತ್ತು ಬಿಡುವ ಹೆಪ್ಸಿಡಿನ್ ದೇಹದ ಕಬ್ಬಿಣಾಂಶಕ್ಕೆ ಬೀಗ ಹಾಕುತ್ತದೆ. ರಕ್ತಹೀನತೆ ಬಿಗಡಾಯಿಸಿ ಹೃದಯದ ಹೊರೆ ಏರುತ್ತದೆ. ನಾಳಗಳಲ್ಲಿ ಸುಣ್ಣ ಕಟ್ಟದಂತೆ ಕಾಯುವ ಫೆಟುಯಿನ್-ಎ ಎಂಬ ಪ್ರೋಟೀನ್ ಉರಿಯೂತದಲ್ಲಿ ಕುಸಿಯುತ್ತದೆ. ರಕ್ತದಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ ನಾಳದ ಸ್ನಾಯುಕೋಶಗಳು ಮೂಳೆಯ ಕೋಶಗಳಂತೆ ವರ್ತಿಸತೊಡಗಿ ಅಪಧಮನಿ ಬಿರುಸಾಗುತ್ತದೆ. ಬಿರುಸಾದ ಅಪಧಮನಿಗೆ ರಕ್ತ ನೂಕುವ ಎಡ ಹೃತ್ಕುಕ್ಷಿ ದಪ್ಪಗಾಗುತ್ತದೆ.

ಕೊಬ್ಬಿನ ವಾದಕ್ಕೆ ಬಿದ್ದ ಪೆಟ್ಟು

ವಿವರಣೆ ಎಷ್ಟೇ ಚೆಂದವಿದ್ದರೂ ಚಿಕಿತ್ಸೆಯಲ್ಲಿ ಸಾಬೀತಾಗಬೇಕು. ಸಾಮಾನ್ಯ ಹೃದ್ರೋಗಿಗಳಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳು ಆಗಲೇ ಜೀವ ಉಳಿಸುತ್ತಿದ್ದವು. ಕಿಡ್ನಿ ರೋಗಿಗಳಿಗೂ ಅವು ಒದಗುತ್ತವೆ ಎಂಬ ನಂಬಿಕೆಯಿಂದ ವಾನರ್ ತಂಡ ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಯ 1,255 ಡಯಾಲಿಸಿಸ್ ರೋಗಿಗಳ ಮೇಲೆ ಅಟೊರ್ವಸ್ಟಾಟಿನ್ ಪ್ರಯೋಗಿಸಿತು. 2005ರಲ್ಲಿ ಫಲಿತಾಂಶ ಬಂದಾಗ ಕೆಟ್ಟ ಕೊಲೆಸ್ಟರಾಲ್ ಚೆನ್ನಾಗಿ ಇಳಿದಿತ್ತು, ಹೃದ್ರೋಗದ ಅನಾಹುತಗಳು ಗಣನೀಯವಾಗಿ ಇಳಿದಿರಲಿಲ್ಲ. 2009ರಲ್ಲಿ 2,776 ರೋಗಿಗಳ ಅರೋರಾ ಪ್ರಯೋಗದಲ್ಲಿ ರೊಸುವಸ್ಟಾಟಿನ್ ಕೂಡ ಸೋತಿತು. 2011ರಲ್ಲಿ ಆಕ್ಸ್‌ಫರ್ಡ್ ನೇತೃತ್ವದ ಶಾರ್ಪ್ ಪ್ರಯೋಗ ತುಸು ಸಮಾಧಾನ ತಂದಿತು: 9,270 ಕಿಡ್ನಿ ರೋಗಿಗಳಲ್ಲಿ ಕೊಲೆಸ್ಟರಾಲ್ ಇಳಿಸುವ ಎರಡು ಔಷಧಿಗಳ ಜೋಡಿ ಅಪಧಮನಿ ಕಾಯಿಲೆಯ ದೊಡ್ಡ ಅನಾಹುತಗಳನ್ನು ಶೇಕಡ 17ರಷ್ಟು ತಗ್ಗಿಸಿತು. ಅವರಲ್ಲಿ ಹೆಚ್ಚಿನವರು ಇನ್ನೂ ಡಯಾಲಿಸಿಸ್‌ಗೆ ಬಂದಿರಲಿಲ್ಲ.

ಈ ಫಲಿತಾಂಶಗಳ ಅರ್ಥದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಡಯಾಲಿಸಿಸ್ ಹಂತಕ್ಕೆ ಬರುವಷ್ಟರಲ್ಲಿ ತಡವಾಗಿರುತ್ತದೆ ಎನ್ನುವವರಿದ್ದಾರೆ. ಆ ಹಂತದ ಸಾವುಗಳಲ್ಲಿ ಗಡ್ಡೆ ಒಡೆದು ಆಗುವ ಹೃದಯಾಘಾತಕ್ಕಿಂತ ಹೃದಯದ ಲಯ ತಪ್ಪಿ ಆಗುವ ಹಠಾತ್ ಸಾವು ಹೆಚ್ಚು, ಅದಕ್ಕೆ ಸ್ಟಾಟಿನ್ ಮದ್ದಲ್ಲ ಎನ್ನುವವರೂ ಇದ್ದಾರೆ. ಇನ್ನೊಂದು ಒಗಟನ್ನು ಮಾತ್ರ ಉರಿಯೂತವೇ ಬಿಡಿಸಿತು. ಡಯಾಲಿಸಿಸ್ ರೋಗಿಗಳಲ್ಲಿ ಕೊಲೆಸ್ಟರಾಲ್ ಕಡಿಮೆಯಿದ್ದವರೇ ಹೆಚ್ಚು ಸಾಯುತ್ತಿದ್ದರು. ಲೋಕದ ಲೆಕ್ಕಕ್ಕೆ ಇದು ತಲೆಕೆಳಗು. 2004ರ ಒಂದು ಅಧ್ಯಯನ ರೋಗಿಗಳನ್ನು ಎರಡು ಗುಂಪಾಗಿ ಬೇರ್ಪಡಿಸಿ ನೋಡಿತು. ಉರಿಯೂತವಾಗಲಿ ಅಪೌಷ್ಟಿಕತೆಯಾಗಲಿ ಇಲ್ಲದವರಲ್ಲಿ ಹೆಚ್ಚು ಕೊಲೆಸ್ಟರಾಲ್ ಎಂದಿನಂತೆ ಅಪಾಯಕಾರಿಯೇ ಆಗಿತ್ತು. ಉರಿಯೂತವಿದ್ದವರಲ್ಲಿ ಕಾಯಿಲೆಯೇ ಕೊಲೆಸ್ಟರಾಲನ್ನು ಇಳಿಸಿ ಲೆಕ್ಕವನ್ನು ಕಲಕಿತ್ತು.

ಉರಿಯನ್ನೇ ತಣಿಸುವ ಪ್ರಯತ್ನ

ಸಿಆರ್‌ಪಿಯನ್ನೇ ಇಳಿಸಿದರೆ ಸಾಕೆ? ಅನುವಂಶೀಯ ಅಧ್ಯಯನಗಳು ಸಾಲದೆಂದವು. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವಂತೆ ಮಾಡುವ ಜೀನುಗಳು ಹೃದ್ರೋಗವನ್ನು ಹೆಚ್ಚಿಸುವುದಿಲ್ಲ. ಇಂಟರ್‌ಲ್ಯೂಕಿನ್-6ರ ಸಂದೇಶವನ್ನು ಮಂದಗೊಳಿಸುವ ಜೀನುಗಳು ಅದನ್ನು ತಗ್ಗಿಸುತ್ತವೆ. ಸಿಆರ್‌ಪಿ ಹೊಗೆ, ಬೆಂಕಿ ಇರುವುದು ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ.

ಬಾಸ್ಟನ್ನಿನ ಪಾಲ್ ರಿಡ್ಕರ್ ನೇತೃತ್ವದ ಕ್ಯಾಂಟೋಸ್ ಪ್ರಯೋಗ ಆ ಮೆಟ್ಟಿಲಿಗೆ ಕೈಹಾಕಿತು. ಹಿಂದೆ ಹೃದಯಾಘಾತವಾಗಿ, ಸಿಆರ್‌ಪಿ ಏರಿದ್ದ 10,061 ಮಂದಿಗೆ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮಾಬ್ ಚುಚ್ಚುಮದ್ದನ್ನೋ ಬರಿಯ ದ್ರವವನ್ನೋ ಮೂರು ತಿಂಗಳಿಗೊಮ್ಮೆ ಕೊಡಲಾಯಿತು. 2017ರ ಆಗಸ್ಟಿನಲ್ಲಿ ಬಾರ್ಸಿಲೋನಾದ ಹೃದ್ರೋಗ ಸಮ್ಮೇಳನದಲ್ಲಿ ಫಲಿತಾಂಶ ಹೊರಬಿತ್ತು. ಕೆಟ್ಟ ಕೊಲೆಸ್ಟರಾಲನ್ನು ಇಳಿಸದೆಯೇ, ಬರಿಯ ಉರಿಯೂತ ತಗ್ಗಿಸಿದ್ದರಿಂದ ಹೃದ್ರೋಗದ ಅನಾಹುತಗಳು ಶೇಕಡ 15ರಷ್ಟು ಇಳಿದಿದ್ದವು. ಮರುವರ್ಷ ಆ ತಂಡ ಕಿಡ್ನಿಯ ಶಕ್ತಿ ಕುಂದಿದ್ದ 1,875 ಮಂದಿಯನ್ನು ಪ್ರತ್ಯೇಕವಾಗಿ ನೋಡಿದಾಗ ಇಳಿಕೆ ಶೇಕಡ 18ರಷ್ಟಿತ್ತು. ರಾಸ್ ಮತ್ತು ಸ್ಟೆನ್ವಿಂಕೆಲ್ ಅವರ ವಾದಕ್ಕೆ ಮನುಷ್ಯರ ಮೇಲಿನ ಪ್ರಯೋಗದ ಆಧಾರ ಮೊದಲ ಬಾರಿಗೆ ದೊರಕಿತು.

ಗೆಲುವಿಗೆ ಬೆಲೆಯೂ ಇತ್ತು. ರಕ್ಷಣಾ ವ್ಯವಸ್ಥೆಯ ಒಂದು ಕೊಂಡಿಯನ್ನು ಕಳಚಿದ್ದರಿಂದ ಸೋಂಕಿನ ಸಾವುಗಳು ಹೆಚ್ಚಾದವು. ಒಟ್ಟು ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧಿ ನಿಯಂತ್ರಕರು 2018ರಲ್ಲಿ ಕ್ಯಾನಕಿನುಮಾಬ್ ಅನ್ನು ಹೃದ್ರೋಗಕ್ಕೆ ಬಳಸಲು ಅನುಮತಿ ಕೊಡಲಿಲ್ಲ. ಆದರೆ ದಾರಿ ಮುಚ್ಚಲಿಲ್ಲ. ಇಂಟರ್‌ಲ್ಯೂಕಿನ್-6ನ್ನು ತಡೆಯುವ ಜಿಲ್ಟಿವೆಕಿಮಾಬ್ ಔಷಧಿಯ ಮೊದಲ ಮುಖ್ಯ ಪರೀಕ್ಷೆ ನಡೆದದ್ದೇ ಕಿಡ್ನಿ ರೋಗಿಗಳಲ್ಲಿ. 264 ಮಂದಿಯ ಆ ಪ್ರಯೋಗದಲ್ಲಿ ಅತಿ ಹೆಚ್ಚಿನ ಪ್ರಮಾಣ ಪಡೆದವರ ಸಿಆರ್‌ಪಿ ಶೇಕಡ 92ರಷ್ಟು ಇಳಿಯಿತೆಂದು 2021ರಲ್ಲಿ ವರದಿಯಾಯಿತು. ಇದರಿಂದ ಹೃದಯಾಘಾತಗಳೂ ಇಳಿಯುತ್ತವೆಯೇ ಎಂದು ತಿಳಿಯಲು, ಕಿಡ್ನಿ ರೋಗ ಮತ್ತು ಹೃದ್ರೋಗ ಎರಡೂ ಇರುವ ಆರು ಸಾವಿರಕ್ಕೂ ಹೆಚ್ಚು ಮಂದಿಯ ಜ್ಯೂಸ್ (ZEUS) ಎಂಬ ಪ್ರಯೋಗ ಅದೇ ವರ್ಷ ಆರಂಭವಾಯಿತು.

ಉಳಿದ ಪರಿಣಾಮ

ಈ ಇತಿಹಾಸ ವೈದ್ಯರ ನೋಟದಲ್ಲಿ ತಂದ ದೊಡ್ಡ ಬದಲಾವಣೆ ಡಯಾಲಿಸಿಸ್ ಕೋಣೆಯಿಂದ ಹೊರಗೆ ಆಯಿತು. 2004ರಲ್ಲಿ ಅಲನ್ ಗೋ ಮತ್ತು ಸಂಗಡಿಗರು ಉತ್ತರ ಕ್ಯಾಲಿಫೋರ್ನಿಯಾದ 11 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆ ನೋಡಿ, ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿಳಿದಂತೆಲ್ಲ ಹೃದ್ರೋಗದ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ತೋರಿಸಿದರು. 2010ರಲ್ಲಿ ಹಲವು ದೇಶಗಳ 12 ಲಕ್ಷ ಜನರ ಅಂಕಿ ಅಂಶ, ಮೂತ್ರದಲ್ಲಿ ಸ್ವಲ್ಪವೇ ಆಲ್ಬುಮಿನ್ ಹೋಗುತ್ತಿದ್ದರೂ ಸಾವಿನ ಅಪಾಯ ಏರುತ್ತದೆ ಎಂದಿತು. ಇಂಥವರಲ್ಲಿ ಬಹುತೇಕರಿಗೆ ಡಯಾಲಿಸಿಸ್ ಎಂದೂ ಬೇಕಾಗುವುದಿಲ್ಲ. ಕಿಡ್ನಿ ಪೂರ್ತಿ ಸೋಲುವ ಮೊದಲೇ ಹೃದಯ ಸೋಲುವ ಸಾಧ್ಯತೆಯೇ ಹೆಚ್ಚು. ಅಮೆರಿಕದ ಹೃದ್ರೋಗ ಸಂಘ 2023ರಲ್ಲಿ ಹೃದಯ, ಕಿಡ್ನಿ ಮತ್ತು ಚಯಾಪಚಯದ ತೊಂದರೆಗಳನ್ನು ಒಂದೇ ಹೆಸರಿನಡಿ ತಂದಿತು. ಗಲ್ ಮತ್ತು ಸಟ್ಟನ್ ಹೇಳಿದ್ದ ಮಾತಿಗೆ, ರೋಗ ಇಡೀ ಶರೀರದ ನಾಳಗಳದ್ದೆಂಬ ಮಾತಿಗೆ, ಅರ್ಧದಷ್ಟಾದರೂ ನ್ಯಾಯ ಸಿಕ್ಕಂತಾಯಿತು.

ಜಗತ್ತಿನಲ್ಲಿ ಸುಮಾರು 85 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಕಿಡ್ನಿ ಕಾಯಿಲೆಯಿದೆ ಎಂಬ ಅಂದಾಜಿದೆ. ಭಾರತದಲ್ಲಿ 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಕರ್ನಾಟಕವೂ ಸೇರಿ ರಾಜ್ಯಗಳ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದಿವೆ, ಬಡವರಿಗೆ ಉಚಿತ ಚಿಕಿತ್ಸೆ ಸಿಗುತ್ತಿದೆ. ಯಾರಿಗೆ ಯಂತ್ರ ಕೊಡಬೇಕೆಂದು ಸಮಿತಿ ಕೂರಬೇಕಾದ ದುಃಸ್ಥಿತಿ ತಪ್ಪಿಸಲು ಇದು ಬೇಕೇ ಬೇಕು. ಆದರೆ ಸಿಯಾಟಲ್ 1974ರಲ್ಲಿ ಕಲಿತದ್ದನ್ನು ನಾವು ಹೊಸದಾಗಿ ಕಲಿಯಬೇಕಿಲ್ಲ. ಯಂತ್ರಗಳ ಸಂಖ್ಯೆಯಿಂದ ಮಾತ್ರ ಯಶಸ್ಸನ್ನು ಅಳೆದರೆ, ಕಿಡ್ನಿ ವೈಫಲ್ಯದಿಂದ ಉಳಿಸಿದವರನ್ನು ಹೃದ್ರೋಗಕ್ಕೆ ಒಪ್ಪಿಸಿದಂತಾಗುತ್ತದೆ. ಕ್ಯಾಥೆಟರ್ ಬದಲು ಸಕಾಲಕ್ಕೆ ಅಪಧಮನಿ-ಅಭಿಧಮನಿಗಳನ್ನು ಕೂಡಿಸುವ ಫಿಸ್ಟುಲಾ, ಶುದ್ಧ ನೀರು, ಉಪ್ಪು ಮತ್ತು ಬಿಪಿಯ ಹತೋಟಿ, ವಸಡಿನ ಆರೈಕೆ ಇವು ಉರಿಯೂತದ ಮೂಲಗಳನ್ನು ಇವತ್ತೇ ತಗ್ಗಿಸಬಲ್ಲ ಕೆಲಸಗಳು; ಇವಕ್ಕೆ ದುಬಾರಿ ಚುಚ್ಚುಮದ್ದು ಬೇಕಿಲ್ಲ. ಅದಕ್ಕೂ ಮೊದಲು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವ ಪ್ರತಿಯೊಬ್ಬರ ಮೂತ್ರದ ಆಲ್ಬುಮಿನ್ನನ್ನು ವರ್ಷಕ್ಕೊಮ್ಮೆ ನೋಡುವುದು ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಕಿಡ್ನಿಯನ್ನು ಉಳಿಸಿಕೊಳ್ಳಲು ಮಾಡುವ ಆ ಪರೀಕ್ಷೆ, ಅದಕ್ಕಿಂತ ಹೆಚ್ಚಾಗಿ, ಹೃದಯದ ಪರೀಕ್ಷೆ.